ಕೋಡಿಂಬಾಳದ ಕಾರಿಗೆ ಬಿಸಿ ಬಂದದ್ದು

ನಮ್ಮ ಕಡೆ ಕಾರಿಗೆ ಹೀಟರ್ ಎಂದರೆ ಮೀನಿಗೆ ಕೊಡೆ ಹಿಡಿದ ಹಾಗೆ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಕಡಬದಿಂದ ಪುತ್ತೂರಿಗೆ ಹೋಗಿ ಇಳಿಯುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟುತ್ತಿತ್ತು. ಗಾಜು ಇಳಿಸುವುದೊಂದೇ ನಮಗೆ ಗೊತ್ತಿದ್ದ ಹವಾನಿಯಂತ್ರಣ. ನಾನಾಗ ಹತ್ತು ವರ್ಷದ ಹುಡುಗಿ. ಅಪ್ಪ ಪುತ್ತೂರಿನ ಜವುಳಿ ವ್ಯಾಪಾರಿಯೊಬ್ಬರ ಹಳೆಯ ಬಿಳಿ ಕಾರನ್ನು ಕೊಂಡು ಕೋಡಿಂಬಾಳಕ್ಕೆ ತಂದಿದ್ದರು. ಸ್ಟಿಯರಿಂಗಿನ ಪಕ್ಕದಲ್ಲಿ ಒಂದು ತುದಿ ನೀಲಿ, ಒಂದು ತುದಿ ಕೆಂಪು ಗೆರೆಯಿದ್ದ ಪುಟ್ಟ ಹಿಡಿಯೊಂದಿತ್ತು. ಅದನ್ನು ಮುಟ್ಟುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಅಗತ್ಯ ಬಿದ್ದದ್ದು ಅಜ್ಜಿಗೆ. ಮಡಿಕೇರಿಯಲ್ಲಿದ್ದ ಅವರ ತಂಗಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಅಜ್ಜಿಗೆ ಹೋಗಿ ನೋಡಲೇಬೇಕು. ಆದರೆ ಅದು ಡಿಸೆಂಬರ್, ಅಜ್ಜಿಗೋ ದಮ್ಮು. ಥಂಡಿ ಗಾಳಿ ತಾಗಿದರೆ ಉಸಿರು ಕಟ್ಟುತ್ತಿತ್ತು. ಹಿಂದೊಮ್ಮೆ ಬಸ್ಸಿನಲ್ಲಿ ಹೊರಟವರು ಘಾಟಿಯ ಅರ್ಧದಿಂದಲೇ ವಾಪಸು ಬಂದಿದ್ದರು.

"ಬೇಸಿಗೆ ಬರ್ಲಿ ಅಮ್ಮ," ಎಂದರು ಅಪ್ಪ.

"ಬೇಸಿಗೆ ಬರ್ತದೆ. ಅಲ್ಲಿವರೆಗೆ ಅವಳು ಇರ್ಬೇಕಲ್ಲ?"

ಅಪ್ಪ ಎದೆಯುಬ್ಬಿಸಿ ಘೋಷಿಸಿದರು: "ನಮ್ಮ ಕಾರಲ್ಲಿ ಹೀಟರ್ ಉಂಟು!"

ಜಗಲಿಯಲ್ಲಿ ಮಾವ ಕೂತಿದ್ದರು. ಅಮ್ಮನ ತಮ್ಮ, ಪೆರಾಬೆಯವರು. ಅಪ್ಪನ ಕಾಲೆಳೆಯುವ ಅವಕಾಶವನ್ನು ಬಿಟ್ಟುಕೊಟ್ಟವರಲ್ಲ. "ಹೀಟರ್ ಉಂಟು ಅಂದ್ರೆ ಆಯ್ತಾ ಭಾವ? ಬಿಸಿ ಬರುದು ಬೇಡ್ವಾ?"

ಅಪ್ಪ ಎಂಜಿನ್ ಚಾಲೂ ಮಾಡಿ ಹಿಡಿಯನ್ನು ಕೆಂಪಿಗೆ ಎಳೆದರು. ಫ್ಯಾನು ಗರ್ಜಿಸಿತು. ಹಲವು ವರ್ಷಗಳ ಧೂಳು, ಒಣಗಿದ ಎಲೆಯ ಚೂರು, ಹಲ್ಲಿಯ ವಾಸನೆ ಎಲ್ಲ ಮೆರವಣಿಗೆಯಲ್ಲಿ ಹೊರಬಂದವು. ಬಿಸಿ ಬರಲಿಲ್ಲ. "ಎಂಜಿನ್ ಕಾಯ್ಬೇಕು," ಎಂದು ರಾಮಕುಂಜದವರೆಗೆ ಹೋಗಿ ಬಂದರು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುವಿಗೆ ಏರಿತ್ತು, ಗಾಳಿ ಮಾತ್ರ ತಣ್ಣಗೇ ಇತ್ತು.

"ಕಾರು ಅಂತ ಹೇಳಿ ನಿಮಗೆ ಫ್ರಿಜ್ ಕೊಟ್ಟದ್ದಾ ಅಂತ ಭಾವ!"

ಬಾನೆಟ್ ಎತ್ತಲಾಯಿತು. ಎಂಜಿನ್ನಿನ ಬಿಸಿನೀರು ಪೈಪಿನಲ್ಲಿ ಹೀಟರಿನ ಪೆಟ್ಟಿಗೆಗೆ ಹೋಗಬೇಕು, ಫ್ಯಾನು ಅದರ ಮೇಲೆ ಊದಬೇಕು, ಇಷ್ಟೇ ಅದರ ಶಾಸ್ತ್ರ ಎಂದು ಅಪ್ಪ ಉಪನ್ಯಾಸ ಕೊಟ್ಟು, ಪೈಪಿನ ಜಾಡು ಹಿಡಿದು ಬೆರಳಾಡಿಸಿದರು. ಎಂಜಿನ್ನಿನಿಂದ ಗಂಭೀರವಾಗಿ ಹೊರಟ ಪೈಪು ಒಂದು ಗೇಣು ಸಾಗಿ, ತವರಿನ ನೆನಪಾದಂತೆ ತಿರುಗಿ ಎಂಜಿನ್ನಿಗೇ ಸೇರಿತ್ತು! ಹೀಟರಿನ ಎರಡು ಕೊಳವೆಗಳು ಅನಾಥವಾಗಿದ್ದವು. ಒಂದರ ಬಾಯಲ್ಲಿ ಬಟ್ಟೆಯ ತುಂಡು, ಇನ್ನೊಂದರಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು.

ಅಪ್ಪ ಪುತ್ತೂರಿಗೆ ಫೋನು ಮಾಡಿದರು. ಆ ಕಡೆಯ ದನಿ ನಮಗೂ ಕೇಳುತ್ತಿತ್ತು. "ಅದಾ? ನಾನೇ ತಪ್ಪಿಸಿದ್ದು ಮಾರಾಯ್ರೆ. ಹಿಡಿ ನೀಲಿಗೆ ಎಳೆದ್ರೂ ಬಿಸಿ ನಿಲ್ತಿರಲಿಲ್ಲ, ಕಾಲು ಬೇಯ್ತಿತ್ತು. ನಮ್ಮೂರಲ್ಲಿ ಬಿಸಿ ಗಾಳಿ ಹೊರಗೇ ಧರ್ಮಕ್ಕೆ ಸಿಗ್ತದಲ್ಲ!"

ಕಡಬದಿಂದ ಹೊಸ ಪೈಪು, ಕ್ಲಿಪ್ಪು ಬಂದವು. ಕಣಜದ ಮನೆಯನ್ನು ಪೊರಕೆಯ ಕಡ್ಡಿಯಿಂದ ಕೆದಕಿ, ನೀರು ಹಾಯಿಸಿ, ಪೈಪು ಜೋಡಿಸಿ, ಮತ್ತೆ ಎಂಜಿನ್ ಚಾಲೂ ಮಾಡಿದರು. ಮತ್ತೂ ತಣ್ಣಗಿನ ಗಾಳಿ. ಅಪ್ಪ ಮೆಟ್ಟಿಲ ಮೇಲೆ ಕುಸಿದು ಕೂತರು. ಅಜ್ಜಿ ಒಳಗೆ ಹೋಗಿ, ಚೀಲದಲ್ಲಿ ತುಂಬಿಸಿಟ್ಟಿದ್ದ ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದರು.

ಕಿಟಕಿಯಿಂದ ಅದನ್ನು ಕಂಡ ಮಾವ ಆ ದಿನ ಮೊದಲ ಬಾರಿಗೆ ಗೇಲಿ ಮಾಡದೆ ಬಾಯಿ ತೆರೆದರು. "ಭಾವ, ಅದು ಪೈಪಲ್ಲಿ ಗಾಳಿ ಹಿಡಿದದ್ದು, ನೀರು ಮುಂದೆ ಹೋಗುದಿಲ್ಲ. ತೋಟದ ಪಂಪಿಗೆ ಹಿಡಿಯುದಿಲ್ವಾ? ಕಾರಿನ ಮೂತಿ ಮೇಲೆ ಮಾಡುವ, ಗಾಳಿ ಹೊರಗೆ ಬರ್ತದೆ."

ಎಂಜಿನ್ ತಣಿದ ಮೇಲೆ ಇಳಿಜಾರಿನ ಅಂಗಳದಲ್ಲಿ ಕಾರನ್ನು ಮೂತಿ ಮೇಲಾಗಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ರೇಡಿಯೇಟರಿನ ಮುಚ್ಚಳ ತೆಗೆದು ನೀರು ತುಂಬಿಸಿ ಎಂಜಿನ್ ಓಡಿಸಿದರು. ನೀರಿನಲ್ಲಿ ಬುಳುಬುಳು ಗುಳ್ಳೆ. ಮಾವ ತಂಬಿಗೆಯಿಂದ ಎರೆಯುತ್ತಲೇ ಇದ್ದರು. ಒಳಗೆ ಗಾಳಿಯ ಕಿಂಡಿಗೆ ಅಂಗೈ ಒಡ್ಡಿ ಕೂರುವ ರಾಜಕಾರ್ಯ ನನ್ನದು.

"ಎಂತ ಬರ್ತದೆ?"

"ತಂಪು."

"ಈಗ?"

"ತಂಪೇ... ಅಲ್ಲ, ಉಗುರುಬೆಚ್ಚಗೆ... ಬಿಸಿ! ಅಪ್ಪಾ, ಬಿಸಿ!"

ಅಪ್ಪ, ಮಾವ ಇಬ್ಬರೂ ಒಂದೇ ಬಾಗಿಲಿನಿಂದ ಒಳಗೆ ಕೈ ತೂರಿಸಿದರು. ರಾಜ್ಯ ಗೆದ್ದವರೂ ಹಾಗೆ ನಕ್ಕಿರಲಾರರು. ಸೀರೆಗಳು ಚೀಲಕ್ಕೆ ಮರಳಿದವು.

ಮರುದಿನದ ದಂಡಯಾತ್ರೆ ಮರೆಯುವಂಥದ್ದಲ್ಲ. ಪುತ್ತೂರಿನವರ ಮಾತು ಅಕ್ಷರಶಃ ಸತ್ಯವಾಗಿತ್ತು. ಬಿಸಿಯನ್ನು ನಿಲ್ಲಿಸುವ ಉಪಾಯವೇ ಇರಲಿಲ್ಲ. ಸುಳ್ಯ ದಾಟುವ ಮೊದಲೇ ಎಲ್ಲರೂ ಬೆವರಿ ಒದ್ದೆ. ಹಲಸಿನ ಹಪ್ಪಳದ ಡಬ್ಬಿ, ಅಜ್ಜಿಯ ಎದೆಗೆ ಹಚ್ಚಿದ ಮುಲಾಮು, ಬಿಸಿ ರಬ್ಬರು ಎಲ್ಲ ಸೇರಿದ ವಾಸನೆ. ಘಾಟಿಯಲ್ಲಿ ಮಾವ ಅಂಗಿ ಕಳಚಿ ಬನಿಯನ್ನಿಗೆ ಬಂದಿದ್ದರು.

"ಅತ್ತೆ, ಗಾಜು ಸ್ವಲ್ಪ ಇಳಿಸ್ಲಾ?"

"ಮುಟ್ಟಿದ್ರೆ ನೋಡು!" ಎಂದ ಅಜ್ಜಿ ಒಮ್ಮೆಯೂ ಕೆಮ್ಮಲಿಲ್ಲ.

ಮಡಿಕೇರಿಯಲ್ಲಿ ಎದುರಿನ ಮನೆ ಕಾಣದಷ್ಟು ಮಂಜು. ಅಜ್ಜಿ ನೇರ ಹಾಸಿಗೆಯ ಬಳಿ ಹೋಗಿ ತಂಗಿಯ ಎರಡೂ ಕೆನ್ನೆಗೆ ಅಂಗೈ ಒತ್ತಿದರು. ತಂಗಿ ಕಣ್ಣು ಬಿಟ್ಟರು. "ಅಕ್ಕಾ? ನಿನ್ನ ಕೈ ಎಂತ ಇಷ್ಟು ಬೆಚ್ಚಗೆ?"

"ಕೋಡಿಂಬಾಳದಿಂದ ಬಂದದ್ದಲ್ವಾ," ಎಂದರು ಅಜ್ಜಿ.

ಆ ಮನೆಯವರಿಗೆಲ್ಲ ಮಾವ ದುರಸ್ತಿಯ ಕಥೆಯನ್ನು "ನಾನೂ ಭಾವನೂ" ಎಂದೇ ಶುರು ಮಾಡಿದರು. ಅಪ್ಪ ಆಕ್ಷೇಪಿಸಲಿಲ್ಲ.

ಈಗ ನನ್ನ ಕಾರಿನಲ್ಲಿ ಎಡಗಡೆಗೊಂದು ಹವೆ, ಬಲಗಡೆಗೊಂದು ಹವೆ. ಕೆಟ್ಟರೆ ಪರದೆಯ ಮೇಲೆ ಅಕ್ಷರ ಮೂಡುತ್ತದೆ, ಕಂಪನಿಯವರು ಬಂದು ಒಯ್ಯುತ್ತಾರೆ. ಬಾನೆಟ್ಟಿನ ಸುತ್ತ ಮನೆಮಂದಿ ಸೇರುವುದಿಲ್ಲ, ಯಾರೂ ಸೋಲುವುದಿಲ್ಲ, ಹಾಗಾಗಿ ಗೆಲ್ಲುವುದೂ ಇಲ್ಲ. ಅಜ್ಜಿ, ಅವರ ತಂಗಿ, ಕಡೆಗೆ ಅಪ್ಪನೂ ಹೋದರು. ಮೊನ್ನೆ ಹೊಸ ಕಾರನ್ನು ತೋರಿಸಲು ಪೆರಾಬೆಗೆ ಹೋಗಿದ್ದೆ. ಮಾವ ಒಂದು ಸುತ್ತು ಬಂದು, "ಲಾಯ್ಕುಂಟು ಮಗಾ," ಎಂದರು. ಅಷ್ಟೇ. ಒಂದು ಕುಹಕವೂ ಇಲ್ಲ. ಭಾವನೇ ಇಲ್ಲದ ಮೇಲೆ ಇನ್ಯಾರ ಕಾರನ್ನು ಹೀಯಾಳಿಸುವುದು?