ನೀಲಕ್ಕನ ಇಂಗ್ಲಿಷ್ ಪೇಪರು

ಪುಂಡಿಪಲ್ಯ ಕುದಿಯುವ ಹುಳಿ ವಾಸನೆ ಎಲ್ಲಿಂದಾದರೂ ಬಂದರೆ ಸಾಕು, ನನ್ನ ಕಿವಿಯಲ್ಲಿ ಇಂಗ್ಲಿಷ್ ಕೇಳಿಸುತ್ತದೆ. ನಗಬೇಡಿ. ಸುರಪುರದ ನಮ್ಮ ಅಡುಗೆಮನೆಯಲ್ಲಿ ಅವ್ವ ಒಲೆಯ ಮುಂದೆ ಪಲ್ಯ ಕಡೆಯುತ್ತಿದ್ದರೆ, ಗೋಡೆಗೆ ಆತು ಕೂತ ನನ್ನ ಅಕ್ಕ ನೀಲಮ್ಮ ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ನಿಜಾಮರ ರಾಜ್ಯ ಹೋಗಿ ಇನ್ನೂ ಬಹಳ ದಿನವಾಗಿರಲಿಲ್ಲ. ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದಿತ್ತು; ಭೂಗೋಳದ ಮಾಸ್ತರರು ಮನೆಯಲ್ಲಿ ತಾವು ಕನ್ನಡದಲ್ಲಿ ಕಲಿತು, ಮರುದಿನ ನಮಗೆ ಕಲಿಸುತ್ತಿದ್ದರು. ಬದಲಾಗದೆ ಉಳಿದದ್ದು ಇಂಗ್ಲಿಷ್ ಒಂದೇ. ನಮ್ಮ ಅಜ್ಜ ಆಯುಷ್ಯವಿಡೀ ತಹಸೀಲ ಕಚೇರಿಯಲ್ಲಿ ಉರ್ದು ಬರೆದವನು. ಆ ಭಾಷೆ ಕಚೇರಿ ಬಿಟ್ಟ ಮೇಲೆ ಅವನೂ ಮನೆ ಸೇರಿದ್ದ, ಮೊಮ್ಮಗಳ ಇಂಗ್ಲಿಷ್ ಕೇಳುತ್ತ ಮೀಸೆ ತೀಡುತ್ತಿದ್ದ. ನಾನು ಹುಟ್ಟಿದ ವರ್ಷವೇ ಅಪ್ಪ ತೀರಿಹೋಗಿದ್ದರಿಂದ ಮನೆಯಲ್ಲಿ ಅಜ್ಜ ಹಾಕಿದ್ದೇ ಗೆರೆ.

ಅಕ್ಕನಿಗೆ ಇಂಗ್ಲಿಷ್ ಕಲಿಸಿದವರು ಖಾದರ್ ಮಾಸ್ತರರು. ಹೈದರಾಬಾದಿನಲ್ಲಿ ಓದಿ ಬಂದವರು, ಮನೆಯಲ್ಲಿ ದಖನಿ ಉರ್ದು, ಹೊರಗೆ ನಮ್ಮಂತೆಯೇ ಕನ್ನಡ. ಉಳಿದವರು ಪಾಠ ಬಾಯಿಪಾಠ ಮಾಡುವಾಗ ಅವರು ಅಕ್ಕನಿಗೆ, “ನೀ ಸುಮ್ಮ ಕೂಡು ಬೇಟಿ, ನಿಂದು ಬ್ಯಾರೆ ಕೆಲಸ ಅದ,” ಎನ್ನುತ್ತಿದ್ದರು. ಆ ಕೆಲಸವೆಂದರೆ ಊರಿನ ಮಾತನ್ನು ಇಂಗ್ಲಿಷಿಗೆ ತರುವುದು. ಸಂತೆಯಲ್ಲಿ ಕುರಿ ಮಾರುವವನು ಆಣೆ ಹಾಕಿದ ಮಾತು, ಬಾವಿಯ ಹತ್ತಿರ ಹೆಂಗಸರು ಜಗಳಾಡಿದ ಮಾತು. ಒಮ್ಮೆ ಅವ್ವ ಒಣಹಾಕಿದ ಸಜ್ಜೆ ತಿಂದ ಆಡಿಗೆ ಬೈದದ್ದನ್ನು ಅಕ್ಕ ಬರೆದು ಒಯ್ದಳು. ಮಾಸ್ತರರು ತಿರುಗಿ ಕೊಟ್ಟರು. “ಮಾತು ಬಂದಾವ, ಸಿಟ್ಟು ಎಲ್ಲಿ ಹೋತು?” ಅವಳು ಮತ್ತೆ ಮತ್ತೆ ಬರೆದಳು. ಕೊನೆಗೆ ಅವರು ನಗುನಗುತ್ತ ಚಷ್ಮಾ ತೆಗೆದು ಕಣ್ಣೊರೆಸಿಕೊಂಡರಂತೆ. ಅಕ್ಕ ಮನೆಗೆ ಬಂದು ಅದನ್ನು ಓದಿದಾಗ ಅವ್ವ ಒಲೆಯಿಂದ ತಿರುಗಿಯೂ ನೋಡದೆ, “ಇದು ನಾ ಆಡಿಗಿ ಬೈದದ್ದಲ್ಲೇನ?” ಎಂದಳು. ಅಕ್ಕ ಅಷ್ಟು ಖುಷಿಯಾಗಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಅವಳು ಎಂಟನೆಯ ತರಗತಿ ಮುಗಿಸಿದಾಗ ಮಾಸ್ತರರು ಮನೆಗೇ ಬಂದರು. “ಒಂಬತ್ತನೇದರಾಗ ಈ ಹುಡುಗಿಗಿ ಕಲಿಯೋದು ಏನೂ ಇಲ್ಲರಿ. ಹೆಡ್ಮಾಸ್ತರ ಸಂಗಟ ಮಾತಾಡೀನಿ, ಸೀದಾ ಹತ್ತಕ್ಕ ಹಾಕೋಣು. ಒಂದು ಸಾಲ್ ಉಳೀತದ.” ಅವರ ತಲೆಯಲ್ಲಿದ್ದದ್ದು ಕಲಬುರಗಿಯ ಕಾಲೇಜು. ಅಜ್ಜ ಹಿಂದೆಮುಂದೆ ನೋಡದೆ ಹೂಂ ಎಂದ. ಆ ದಿನ ಅವ್ವನ ತಮ್ಮ ಸಿದ್ರಾಮಮಾವನೂ ಗುರುಮಠಕಲ್ಲಿನಿಂದ ಬಂದು ಅಲ್ಲೇ ಕೂತಿದ್ದ. ಮಾಸ್ತರರು ಅವನ ಕಡೆ ತಿರುಗಿ, “ನೀವು ಮಾಮೂ ಇದ್ದೀರಿ, ನೀವೇ ಮುಂದ ನಿಂತು ಓದಸ್ರಿ,” ಎಂದರು. ಮಾವ ತಲೆ ತಗ್ಗಿಸಿ, “ಹೌದ್ರಿ,” ಎಂದ. ಅಕ್ಕ ತೊಟ್ಟಿಲಲ್ಲಿದ್ದಾಗಲೇ ಅವನಿಗೆಂದು ಗೊತ್ತಾಗಿದ್ದವಳು. ಹತ್ತನೆಯದು, ಅಂದರೆ ಮ್ಯಾಟ್ರಿಕ್, ಮುಗಿಯುವವರೆಗೆ ಓದಲಿ, ಮುಗಿದ ವರ್ಷವೇ ಮದುವೆ ಎಂದು ಅಜ್ಜ ಮಾತು ಕೊಟ್ಟಿದ್ದ. ಮಾಸ್ತರರ ಮನೆತನದಲ್ಲಿ ಸೋದರಮಾವನೆಂದರೆ ತಂದೆಯ ಸಮಾನ. ಅವನೇ ಗಂಡನಾಗುತ್ತಾನೆಂದು ಅವರಿಗೆ ಹೊಳೆಯುವುದಾದರೂ ಹೇಗೆ? ನಮ್ಮ ಮನೆಯಲ್ಲಿ ಅದು ಹೇಳುವಂಥ ಸುದ್ದಿಯೇ ಆಗಿರಲಿಲ್ಲ. ಹುಡುಗಿ ತನ್ನ ಮದುವೆಯ ಮಾತನ್ನು ಮಾಸ್ತರರ ಮುಂದೆ ಎತ್ತುವಂತೆಯೂ ಇರಲಿಲ್ಲ. ಹೀಗೆ ಉಳಿಸುತ್ತೇನೆಂದ ವರ್ಷವನ್ನು ಅವರೇ ಕಳೆದರು.

ಅವ್ವನಿಗೆ ಎಲ್ಲ ಅರ್ಥವಾಗಿತ್ತು. ಪರೀಕ್ಷೆ ಹತ್ತಿರ ಬಂದಾಗ, ಅಕ್ಕನ ತಲೆಗೆ ಎಣ್ಣೆ ತಿಕ್ಕುತ್ತ, ಅಜ್ಜನಿಗೆ ಕೇಳದಂತೆ ಅಂದಳು. “ನಪಾಸಾಗು ನೀಲಾ. ಮತ್ತೊಂದು ವರ್ಷ ಸಾಲಿಗಿ ಹೋಗ್ತಿ.” ಅಕ್ಕ ಆಯಿತೆಂದಳು. ಕೊನೆಯ ದಿನದ ಇಂಗ್ಲಿಷ್ ಪೇಪರನ್ನು ಖಾಲಿ ಬಿಟ್ಟು ಬರುವುದೆಂದು ಇಬ್ಬರೂ ಗೊತ್ತು ಮಾಡಿಕೊಂಡರು. ಇಂಗ್ಲಿಷ್ ಹೋದರೆ ಇಡೀ ಪರೀಕ್ಷೆ ಹೋದಂತೆ. ಪರೀಕ್ಷೆ ಯಾದಗಿರಿಯಲ್ಲಿತ್ತು. ಅದು ಮುಗಿದು, ಶಹಾಪುರದ ಮೇಲಿಂದ ಬರುವ ಬಸ್ಸಿನಲ್ಲಿ ಅಜ್ಜನ ಜೊತೆ ಊರಿಗೆ ಬಂದ ಅಕ್ಕ ಸೀದಾ ಅಡುಗೆಮನೆಗೆ ಹೋದಳು. ಅವ್ವ ಕಣ್ಣಲ್ಲೇ ಕೇಳಿದಳು.

“ಸುಮ್ಮ ಕೂತಿದ್ದೆವ್ವಾ. ಒಂದು ಪ್ರಶ್ನಿ ಭಾಳ ಛಂದಿತ್ತು. ಅದೊಂದೇ ಬರಿಯೋಣಂತ ಪೆನ್ನು ತಗೊಂಡೆ.”

ರೊಟ್ಟಿ ಹಂಚಿನ ಮೇಲೆ ಕರಕಲಾಗುತ್ತಿತ್ತು, ಅವ್ವ ಅದನ್ನು ತೆಗೆದು ಬದಿಗಿಟ್ಟಳು.

ಫಲಿತಾಂಶ ಬಂದಾಗ ಮಾಸ್ತರರು ಪೇಡೆ ಹಿಡಿದುಕೊಂಡು ಓಡುತ್ತಲೇ ಬಂದರು. ಅಜ್ಜ ಅವರನ್ನು ಕೂಡಿಸಿ, ಮದುವೆಯ ಮುಹೂರ್ತ ಹೇಳಿ, ನೀವು ಬರಲೇಬೇಕು ಎಂದ. ಯಾರ ಜೊತೆ ಎಂದು ಅವರು ಕೇಳಿದರು. ಅಜ್ಜ ಹೇಳಿದ. ಅವರು ಪೇಡೆಯ ಪೊಟ್ಟಣವನ್ನು ಬಿಚ್ಚದೆಯೇ ಅಜ್ಜನ ಪಕ್ಕಕ್ಕಿಟ್ಟು ಎದ್ದರು. ಮದುವೆಗೆ ಬಂದು, ಹಿಂದಿನ ಸಾಲಿನಲ್ಲಿ ನಿಂತು ಅಕ್ಷತೆ ಹಾಕಿ ಹೋದರು. ನಾನು ಅಳಲಿಲ್ಲ, ಅಕ್ಕನೂ ಅಳಲಿಲ್ಲ. ಈಗಲೂ ಆ ದಿನ ನೆನೆದರೆ ನನಗೆ ಏನೂ ಅನ್ನಿಸುವುದಿಲ್ಲ, ಕಾಲು ಜೋಮು ಹಿಡಿದಂತೆ. ಮಾವ ಕೆಟ್ಟವನಲ್ಲ. ಅಕ್ಕ ಗುರುಮಠಕಲ್ಲಿನಲ್ಲಿ ಬೇಗ ತೆಲುಗು ಕಲಿತಳು, ಅಲ್ಲಿಯವರಿಗಿಂತ ಚೆನ್ನಾಗಿ ಜಗಳಾಡುತ್ತಿದ್ದಳು. ಇಂಗ್ಲಿಷ್ ಮಾತ್ರ ಅವಳ ಬಾಯಲ್ಲಿ ನಾನು ಮತ್ತೆ ಕೇಳಲಿಲ್ಲ. ಈಗ ಅವಳಿಲ್ಲ, ಅಜ್ಜನಿಲ್ಲ, ಮಾಸ್ತರರಿಲ್ಲ. ಆ ಮನೆಯನ್ನೂ ಕೆಡವಿದ್ದಾರೆ.

ನನಗೆ ಅಕ್ಕನ ತಲೆ ಇರಲಿಲ್ಲ. ನನಗೂ ಶಹಾಪುರದಲ್ಲಿ ಗಂಡು ಗೊತ್ತಾಗಿತ್ತು, ಅಜ್ಜ ಅದೇ ಕರಾರು ಹಾಕಿದ್ದ. ಮ್ಯಾಟ್ರಿಕ್ಕಿಗೆ ಕಣ್ಣು ಕೆಂಪಾಗುವಷ್ಟು ಓದಿಯೂ ಇಂಗ್ಲಿಷಿನಲ್ಲಿ ನಪಾಸಾದೆ. ಅಜ್ಜ ಸಿಟ್ಟಿನಿಂದ ಅಂದು ಊಟ ಬಿಟ್ಟ. ಅವ್ವ ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಬೇಳೆ ಬೇಯಿಸಿ ಹೂರಣ ರುಬ್ಬಿ ಹೋಳಿಗೆ ಮಾಡಿದಳು. ನನ್ನನ್ನು ಒಲೆಯ ಮುಂದೆ ಕೂಡಿಸಿ, ಎಲೆಯ ತುಂಬ ತುಪ್ಪ ಸುರಿದು, “ತಿನ್ನು,” ಎಂದಳು.