ಸೂಜಿ ಕೊಡದ ಡಾಕ್ಟರು

ಪಕ್ಕದ ಮನೆಯವರು ನಿನ್ನೆ ಗೇಟಿಗೆ ಎನಾಮೆಲ್ ಪೇಂಟ್ ಬಳಿಸಿದರು. ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಎದೆಯ ಮೇಲೆ ಹೋಯಿತು. ನಗಬೇಡಿ, ಕಾರಣವಿದೆ.

ನಾನು ನಿವೃತ್ತ ಡ್ರಾಯಿಂಗ್ ಮಾಷ್ಟ್ರು. ಬೆಟ್ಟಂಪಾಡಿಯ ಸುತ್ತಮುತ್ತ ಬೋರ್ಡು ಬೇಕಾದವರೆಲ್ಲ ನನ್ನನ್ನು ಹುಡುಕಿಕೊಂಡು ಬರುವ ಕಾಲವೊಂದಿತ್ತು. ಫ್ಲೆಕ್ಸ್ ಬಂದ ಮೇಲೆ ನನ್ನ ಅಕ್ಷರವನ್ನು ಮೆಚ್ಚಲು ಉಳಿದವನು ನಾನೊಬ್ಬನೇ. ಹಾಗಾಗಿ ಡಾಕ್ಟರ್ ಸಫಿಯಾ ಬಂದು, "ಮಾಷ್ಟ್ರೇ, ಕ್ಲಿನಿಕ್ಕಿಗೊಂದು ಬೋರ್ಡು ಬರೆದು ಕೊಡ್ತೀರಾ?" ಎಂದಾಗ ಹಿಗ್ಗಿ ಹೀರೇಕಾಯಿಯಾದೆ.

ಸಫಿಯಾ ಇಲ್ಲಿಯ ಬ್ಯಾರಿ ವ್ಯಾಪಾರಿಯೊಬ್ಬರ ಮಗಳು, ನನ್ನ ಹಳೆಯ ಶಿಷ್ಯೆ. ಶಾಲೆಯಲ್ಲಿ ಅವಳು ಬಿಡಿಸಿದ ಆನೆಗೆ ನಾನು ಸೊನ್ನೆ ಕೊಟ್ಟಿದ್ದೆ. ಪುಣ್ಯಕ್ಕೆ ಆಯುರ್ವೇದ ಕಲಿಯಲು ಆನೆ ಅಡ್ಡಬರಲಿಲ್ಲ. ಆಗಷ್ಟೇ ಸರಕಾರದ ಹೊಸ ನಿಯಮ ಬಂದಿತ್ತು: ಕ್ಲಿನಿಕ್ಕಿನ ಎದುರು ಡಾಕ್ಟರ ಹೆಸರು, ನೋಂದಣಿ ಸಂಖ್ಯೆ ಇರಬೇಕು, ಬೋರ್ಡು ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು. ಒಳ್ಳೆಯ ನಿಯಮವೇ. ಆದರೆ ನಮ್ಮೂರಿನ ಕಾಯಿದೆ ಅದಕ್ಕಿಂತ ಹಳೆಯದು: ಸೂಜಿ ಕೊಡದವರು ಡಾಕ್ಟರೇ ಅಲ್ಲ. ಸೊಂಟಕ್ಕೊಂದು ಚುಚ್ಚಿಸಿಕೊಳ್ಳದಿದ್ದರೆ ಇಲ್ಲಿ ಜ್ವರ ಬಿಟ್ಟವರಿಗೂ ಸಮಾಧಾನವಿಲ್ಲ. ಆಯುರ್ವೇದದವರು ಸೂಜಿ ಕೊಡುವಂತಿಲ್ಲ; ಸಫಿಯಾ ಕೊಟ್ಟರೆ ಲೈಸೆನ್ಸ್ ಹೋಗುತ್ತದೆ, ಕೊಡದಿದ್ದರೆ ರೋಗಿಗಳು ಹೋಗುತ್ತಾರೆ.

ಅವಳ ಖಾಲಿ ಬೆಂಚು ಕಂಡು ನನ್ನ ಕರುಳು ಚುರ್ ಎಂದಿತು. ಭಾನುವಾರ ಅವಳು ನೆಂಟರ ಮನೆಗೆ ಹೋದದ್ದು ನೋಡಿ ಬೋರ್ಡಿಗೆ ಅಂದವಾದ ನೀಲಿ ಬಳಿದು ತೂಗುಹಾಕಿದೆ.

ಸೋಮವಾರ ಬೆಳಿಗ್ಗೆ ಬೆಂಚು ಭರ್ತಿ. "ಬೋರ್ಡು ನೀಲಿ ಆಗಿದೆ, ಇನ್ನು ಸೂಜಿ ಉಂಟಂತೆ," ಎಂದು ನೆರೆಮನೆಯ ಕಮಲಕ್ಕ ಎಲ್ಲರಿಗಿಂತ ಮುಂದೆ ಕುಳಿತಿದ್ದರು. ಸಫಿಯಾ ಬಂದವಳೇ ಬಿಳಿಚಿಕೊಂಡಳು.

"ಎಂತ ಮಾಡಿದ್ರಿ ಮಾಷ್ಟ್ರೇ? ನನ್ನ ಲೈಸೆನ್ಸೇ ತೆಗೀತಾರೆ. ಐದೂವರೆ ವರ್ಷ ಓದಿದ್ದು ನಾನು!"

ನಾಚಿಕೆಯಿಂದ ಹಸಿರು ಡಬ್ಬಿ ಹಿಡಿದು ಸ್ಟೂಲ್ ಹತ್ತಿದೆ. ಅರ್ಧ ಬೋರ್ಡು ಹಸಿರಾಗುವಷ್ಟರಲ್ಲಿ ಬೆಂಚಿನವರೆಲ್ಲ ಗೊಣಗುತ್ತಾ ಎದ್ದು ಹೋದರು. ಆಗಲೇ ನನ್ನ ಎದೆ ಭಾರವಾಯಿತು, ಮೈಯೆಲ್ಲ ಬೆವರು. ಗ್ಯಾಸ್ ಇರಬೇಕೆಂದು ಒಳಗೆ ಹೋದೆ. ನಿಯಮವನ್ನೆಲ್ಲ ತಿಳಿದ ನಾನೇ ಕೇಳಿದೆ: "ಮಗಾ, ಗ್ಯಾಸಿಗೊಂದು ಸೂಜಿ ಕೊಡು. ನಾನು ಯಾರಿಗೂ ಹೇಳುದಿಲ್ಲ."

ಅವಳು ನಾಡಿ ಹಿಡಿದು ನನ್ನ ಮುಖ ನೋಡಿದಳು. "ಇದು ನಾನು ಮದ್ದು ಮಾಡುದಲ್ಲ ಮಾಷ್ಟ್ರೇ. ಪುತ್ತೂರಿಗೆ ಹೋಗುದು, ಈಗಲೇ."

ಆಟೋದಲ್ಲಿ ತಾನೂ ಕುಳಿತಳು. ದಾರಿಯುದ್ದಕ್ಕೂ ಅವಳನ್ನು ಬೈದೆ. ಆಸ್ಪತ್ರೆಯಲ್ಲಿ ಹೃದಯಾಘಾತ ಎಂದರು; ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದೂ ಹೇಳಿದರು.

ಅದೇ ವಾರ ತಪಾಸಣೆಗೆ ಬಂದ ಅಧಿಕಾರಿ ಅರ್ಧ ನೀಲಿ, ಅರ್ಧ ಹಸಿರು ಬೋರ್ಡಿನ ಫೋಟೋ ತೆಗೆದು ನೋಟೀಸು ಕೊಟ್ಟರಂತೆ. ಉಳಿದರ್ಧವನ್ನು ತಾನೇ ಹಸಿರು ಮಾಡಿ, "ಬೋರ್ಡು ಬರೆಯುವವರು ಆಸ್ಪತ್ರೆಯಲ್ಲಿದ್ದರು" ಎಂದು ಉತ್ತರ ಬರೆದಳು ಸಫಿಯಾ. ಹಸಿರು ಸರಿಯಾಗಿದೆಯೆಂದು ಕಡತ ಮುಗಿಸಿದರು.

ಊರಿನ ಕಡತ ಮಾತ್ರ ಮುಗಿಯಲಿಲ್ಲ. "ಮಾಷ್ಟ್ರು ಸಾಯ್ಲಿಕ್ಕೆ ಆದ್ರೂ ಆ ಡಾಕ್ಟರಮ್ಮ ಒಂದು ಸೂಜಿ ಕೊಡ್ಲಿಲ್ಲ ಮಾರಾಯ್ರೆ," ಎಂದು ಕಮಲಕ್ಕ ಸಾರಿಕೊಂಡು ಬಂದರು. ನಾನು ತಿದ್ದಲಿಲ್ಲ. ತಿದ್ದಬೇಕಾದರೆ ನೀಲಿ ಬಳಿದವನು ನಾನೆಂದೂ, ಕದ್ದು ಸೂಜಿ ಕೇಳಿದವನು ನಾನೆಂದೂ ಒಪ್ಪಿಕೊಳ್ಳಬೇಕಿತ್ತಲ್ಲ! ಮರ್ಯಾದೆಯ ಪ್ರಶ್ನೆ.

ನಿನ್ನೆ ಆ ಪೇಂಟಿನ ವಾಸನೆ ಮನೆಯಲ್ಲಿ ಕೂರಗೊಡಲಿಲ್ಲ. ಕ್ಲಿನಿಕ್ಕಿಗೆ ಹೋದೆ. ರೋಗಿಗಳು ಯಾರೂ ಇರಲಿಲ್ಲ.

"ಜನ ಈಗಲೂ ಹಾಗೇ ಹೇಳ್ತಾರಲ್ಲ, ನಿನಗೆ ಬೇಜಾರಾಗುದಿಲ್ವಾ?"

ಸಫಿಯಾ ಮದ್ದಿನ ಭರಣಿ ಒರೆಸುತ್ತಾ ಹೇಳಿದಳು: "ಹಾಗಲ್ಲ ಅಂತ ಹೇಳ್ಲಿಕ್ಕೆ ನೀವು ಬದುಕಿದ್ದೀರಲ್ಲ ಮಾಷ್ಟ್ರೇ."

ಇವತ್ತು ಬೆಳಿಗ್ಗೆ ಕಮಲಕ್ಕನ ಮನೆಯಿಂದ ಶುರುಮಾಡಿದ್ದೇನೆ.