ಹಸಿರು ಗೋಡೆಯ ಮರ್ಯಾದೆ

ನಮ್ಮ ಮನೆಗೆ ಬಂದವರು ಹಾಲ್‌ನಲ್ಲಿ ಕೂರುವುದಿಲ್ಲ. ನಿವೃತ್ತಿಯ ನಂತರ ಶಿಕಾರಿಪುರದಲ್ಲಿ ಕಟ್ಟಿಸಿದ ಈ ಮನೆಯಲ್ಲಿ ಮೆತ್ತನೆಯ ಸೋಫಾ ಇದೆ, ಸದ್ದಿಲ್ಲದೆ ತಿರುಗುವ ಫ್ಯಾನ್ ಇದೆ, ಮಾತಿಗೆ ಸದಾ ಸನ್ನದ್ಧನಾದ ನಾನಿದ್ದೇನೆ. ಆದರೂ ಬಂದ ಹೆಂಗಸರು ನನ್ನನ್ನು ಒಂದು ನಮಸ್ಕಾರದಲ್ಲಿ ಮುಗಿಸಿ, ನನ್ನ ಹೆಂಡತಿ ಗಿರಿಜೆಯ ಹಿಂದೆ ನೇರವಾಗಿ ಅಡುಗೆಮನೆಗೆ ನಡೆದುಬಿಡುತ್ತಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಬೋಧಿಸಿದವನ ವಾಗ್ಝರಿಗೆ ಜನ ಅಂಜುವುದು ಸಹಜವೆಂದು ನಾನೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಹಾಲ್‌ಗೆ ಹಸಿರು ಬಣ್ಣ ಬಳಿಸಿದವನು ನಾನೇ. ಬಣ್ಣವೂ ಬೆಳಕೂ ಮನುಷ್ಯನ ಚಿತ್ತವೃತ್ತಿಯನ್ನೇ ಬದಲಿಸಬಲ್ಲವೆಂದೂ, ಹಸಿರು ಶಾಂತಿಪ್ರದವೆಂದೂ ಎಲ್ಲೋ ಓದಿ, ಅರೆಬರೆ ಜ್ಞಾನಕ್ಕೆ ಸಹಜವಾದ ಉತ್ಸಾಹದಿಂದ ನಾಲ್ಕು ಗೋಡೆ ಮಾತ್ರವಲ್ಲ, ಮೇಲಿನ ಒಳಛಾವಣಿಗೂ ಕೆರೆಯ ಪಾಚಿಯಂಥ ಗಾಢ ಹಸಿರನ್ನು ಬಳಿಸಿದೆ. ಕಿಟಕಿಗೂ ಅದೇ ಹಸಿರಿನ ಪರದೆ ಹಾಕಿಸಿದೆ. "ಸ್ವಲ್ಪ ತಿಳಿ ಇದ್ರೆ ಚಲೋ ಇರ್ತಿತ್ತೇನೋ ರೀ" ಎಂದು ಗಿರಿಜೆ ಅಂದದ್ದುಂಟು. ಅದಕ್ಕೆ ನಾನು ವರ್ಣವಿಜ್ಞಾನದ ಮೇಲೆ ದೀರ್ಘವಾದ ಒಂದು ಪ್ರವಚನ ಕೊಟ್ಟೆ. ಆಮೇಲೆ ಅವಳು ಆ ಮಾತು ಎತ್ತಲಿಲ್ಲ.

ಶಾಂತಿ ಬಂತೋ ಇಲ್ಲವೋ, ಗಿರಿಜೆಯ ಮುಖ ಮಾತ್ರ ದಿನೇ ದಿನೇ ಕಳೆಗುಂದಿದಂತೆ ಕಾಣತೊಡಗಿತು. ಪಕ್ಕದ ಮನೆಯ ಶಾಂತಮ್ಮ ಒಂದು ಸಂಜೆ ಒಳಗೆ ಕಾಲಿಟ್ಟವರೇ ನಿಂತುಬಿಟ್ಟರು. "ಯಾಕ್ರೀ ಗಿರಿಜಕ್ಕ, ಆರಾಮಿಲ್ಲೇನು? ಮುಖ ಹಿಂಗ್ಯಾಕ ಆಗೈತಿ?"

"ಹೂಂ ರೀ, ಯಾಕೋ ಸುಸ್ತು. ಬರ್ರಿ, ಒಳಗ ಕೂಡೋಣು" ಎಂದಳು ಗಿರಿಜೆ.

ಈ ಪ್ರಶ್ನೋತ್ತರ ಬಂದವರೊಡನೆಲ್ಲ ಪುನರಾವರ್ತನೆಯಾದಾಗ ನನಗೆ ಗಾಬರಿಯಾಗಿ ಅವಳನ್ನು ಡಾಕ್ಟರ ಬಳಿ ಕರೆದೊಯ್ದೆ. ರಕ್ತ ಪರೀಕ್ಷಿಸಿದ ಅವರು ಏನೂ ದೋಷವಿಲ್ಲವೆಂದರು. ಆದರೆ ಕಣ್ಣೆದುರಿನ ಪ್ರತ್ಯಕ್ಷ ಪ್ರಮಾಣವನ್ನು ಬಿಟ್ಟು ಡಾಕ್ಟರನ್ನು ನಂಬುವಷ್ಟು ದಡ್ಡನೇ ನಾನು? ಸಕ್ಕರೆ ಕಾಯಿಲೆಯಿದ್ದೀತೆಂಬ ಮುನ್ನೆಚ್ಚರಿಕೆಗೆ ಅವಳ ಚಹಾದ ಸಕ್ಕರೆ ನಿಲ್ಲಿಸಿದೆ, ಹಬ್ಬದಲ್ಲಿ ಅವಳೇ ಮಾಡಿದ ಹೋಳಿಗೆಯನ್ನು ಅವಳ ಎಲೆಯಿಂದ ನಾನೇ ತೆಗೆದೆ. ಅವಳು ಅನ್ನ ಕಲಸಿಕೊಂಡಳು.

ಹೋದ ತಿಂಗಳು ಸೊರಬದಲ್ಲಿರುವ ಗಿರಿಜೆಯ ಅಕ್ಕನ ಮನೆಗೆ ಹೋಗಿದ್ದೆವು. ಪೇಟೆಬೀದಿಯ ಚಿಕ್ಕ ಮನೆ. ಬರೀ ಸುಣ್ಣ ಬಳಿದ ಗೋಡೆ, ಬೀದಿಗೆ ತೆರೆದ ಎರಡು ಕಿಟಕಿ. ಕಿಟಕಿಯ ಪಕ್ಕ ಕೂತು ನಗುತ್ತಿದ್ದ ಗಿರಿಜೆಯ ಮುಖದಲ್ಲಿ ಎಂಥ ಕಳೆಯಿತ್ತೆಂದರೆ, ನನಗೆ ಹೆಮ್ಮೆಯನ್ನು ಅದುಮಿಡಲಾಗಲಿಲ್ಲ. ಚಹಾ ತಂದ ಅಕ್ಕನಿಗೆ, "ನೋಡಿದಿರಾ, ಸಕ್ಕರೆ ಬಿಡಿಸಿದ್ದರ ಫಲ!" ಎಂದೆ. ಗಿರಿಜೆ ಲೋಟ ಎತ್ತಿದವಳು, ಸಕ್ಕರೆ ಹಾಕಿದ ಚಹಾ ಅದು, ಕುಡಿಯಲೋ ಬೇಡವೋ ಎಂಬಂತೆ ನನ್ನ ಮುಖ ನೋಡಿದಳು.

ಅಕ್ಕನಿಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ, ಇವಳಿಗೆ ಏನೂ ಆಗಿಲ್ಲ. ನಿಮ್ಮ ಹಾಲ್‌ನಲ್ಲಿ ಕೂತ್ರೆ ಯಾರಾದ್ರೂ ಹಂಗೇ ಕಾಣ್ತಾರೆ, ನೀವೂ ಹಂಗೇ ಕಾಣ್ತೀರಿ. ಅಲ್ಲಿ ಕುಂಕುಮ ಕಪ್ಪಗೆ ಕಾಣುತ್ತೆ, ಮುತ್ತೈದೆಯರಿಗೆ ಅದನ್ನ ಹೆಂಗೆ ಕೊಡ್ಲಿ ಅಂತ ಬಂದೋರ್ನೆಲ್ಲ ಅಡುಗೆಮನೆಗೆ ಕರ್ಕೊಂಡು ಹೋಗ್ತಾಳೆ. 'ಗೋಡೆದು ತಪ್ಪು ಅಂತ ಹೇಳಿಬಿಡೇ' ಅಂದ್ರೆ, 'ಅವರು ಆಸೆಪಟ್ಟು ಬಳಿಸಿದ್ದು ಅಕ್ಕಾ, ನಂಗೇ ಹುಷಾರಿಲ್ಲ ಅಂದ್ರಾಯ್ತು' ಅಂತಾಳೆ."

ಓದುಗ ಮಹಾಶಯರೇ, ಹಸಿರು ಬೆಳಕಿನಲ್ಲಿ ಕೆಂಪು ಹೂವು ಕಪ್ಪಾಗಿ ಕಾಣುತ್ತದೆಂದು ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಪರೀಕ್ಷೆಯಲ್ಲಿ ಅದನ್ನು ತಪ್ಪು ಬರೆದವರನ್ನು ಬೆಂಚಿನ ಮೇಲೆ ನಿಲ್ಲಿಸಿದವನು. ನನ್ನ ಹೆಂಡತಿಯ ಹಣೆಯ ಕುಂಕುಮ ನನ್ನೆದುರಿಗೇ ಕಪ್ಪಾಗಿದ್ದಾಗ ನನಗೆ ಆ ಪಾಠ ನೆನಪಾಗಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ನನ್ನ ಗೋಡೆಯ ಮರ್ಯಾದೆ ಉಳಿಸಲು ಅವಳು ಊರವರೆದುರು ರೋಗಿಯಾದಳು, ನಾನು ಅವಳಿಗೆ ಪಥ್ಯ ಮಾಡಿಸಿದೆ. ತಿರುಗಿ ಬರುವಾಗ ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತಿದ್ದರೂ ಕಿಟಕಿಯಾಚೆಯೇ ನೋಡುತ್ತಿದ್ದೆ. ಅವಳೇ ನನ್ನ ಕೈಗೆ ಕಡಲೆಕಾಯಿ ಸುಲಿದು ಕೊಟ್ಟಳು.

ಮನೆಗೆ ಬಂದು, ಹಾಲ್‌ಗೆ ಯಾವ ಬಣ್ಣ ಬಳಿಸೋಣವೆಂದು ಕೇಳಿದೆ. "ನಿಮಗೆ ಯಾವುದು ಸರಿ ಅನ್ಸುತ್ತೋ ಅದು" ಎಂದಳು. ಆಮೇಲೆ, "ಅಡುಗೆಮನೆ ಒಂದು ಬಿಟ್ಟುಬಿಡ್ರಿ" ಎಂದು ಸೇರಿಸಿದಳು.

ಈಗ ನಮ್ಮ ಹಾಲ್ ತಿಳಿ ಕೆನೆಬಣ್ಣದ್ದು, ಪರದೆಯನ್ನೂ ತೆಗೆಸಿದ್ದೇನೆ. ಆದರೂ ಬಂದವರು ರೂಢಿಬಲದಿಂದ ಅಡುಗೆಮನೆಗೇ ಹೋಗುತ್ತಾರೆ. ನಿನ್ನೆ ಶಾಂತಮ್ಮ ಒಳಗೆ ಬಂದವರು, ಸೋಫಾದಲ್ಲಿ ಒಬ್ಬನೇ ಕೂತಿದ್ದ ನನ್ನನ್ನು ನೋಡಿ ನಿಂತರು. "ಯಾಕ್ರೀ ಮೇಷ್ಟ್ರ, ಆರಾಮಿಲ್ಲೇನು? ಮುಖ ಸಪ್ಪಗೈತಿ."

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಗಿರಿಜೆ ಕಾಣಿಸಿಕೊಂಡಳು.

"ಅವರಿಗೇನೂ ಆಗಿಲ್ರೀ. ಈ ಹೊಸ ಬಣ್ಣದ ಬೆಳಕಿಗೆ ಹಂಗ ಕಾಣ್ತದ ಅಷ್ಟ."